ನೀರೋ, ರಕ್ತವೋ?

ಭಾನುವಾರದ ಆರಾಧನೆ, ತ್ಯಾಗರಾಜನಗರ
ವಾಕ್ಯಭಾಗ: 2 ಅರಸುಗಳು 3:20-24

  ಬಾಗಿಲ ಹತ್ತಿರ ನಿಂತಿರುವವರು ಒಳಗೆ ಬನ್ನಿ, ಈ ಕಡೆ ಫ್ಯಾನ್ ಕೆಳಗೆ ಜಾಗ ಇದೆ.

ಯೌವನಸ್ಥರ ಕೂಟದಲ್ಲಿ ನಾವು ಒಂದು ಪ್ರಶ್ನೆ ಡಬ್ಬಿ ಇಟ್ಟಿದ್ದೀವಿ, ನಿಮಗೆ ಗೊತ್ತು. ಹೆಸರು ಬರೆಯಬೇಕಾಗಿಲ್ಲ. ಹೋದ ವಾರ ತೆಗೆದು ನೋಡಿದರೆ ಹನ್ನೊಂದು ಚೀಟಿ. ಹತ್ತು ಚೀಟಿ ಮದುವೆ ಬಗ್ಗೆ. (ನಗು) ಒಂದು ಮಾತ್ರ ಬೇರೆ ಇತ್ತು: "ಪಾಸ್ಟರ್, ಹಾರುವ ತಟ್ಟೆ ನಿಜವಾ? ನೋಡಿದ್ದೀವಿ ಅನ್ನುವವರನ್ನು ನಂಬಬಹುದಾ? ಬೈಬಲ್ ಏನು ಹೇಳುತ್ತೆ?"

ಈ ಚೀಟಿಯನ್ನು ನಮ್ಮ ಹಿರಿಯರೊಬ್ಬರಿಗೆ ತೋರಿಸಿದೆ. "ಅದೆಲ್ಲ ಸಭೆಯಲ್ಲಿ ಯಾಕೆ ಅಯ್ಯ, ಬಿಟ್ಟುಬಿಡಿ" ಅಂದರು. ಇನ್ನೊಬ್ಬ ಸಹೋದರರು, "ಅದರಲ್ಲಿ ಕೇಳೋದೇನಿದೆ, ಅವೆಲ್ಲ ದುರಾತ್ಮಗಳು, ಮುಗೀತು" ಅಂದರು. ಒಬ್ಬರು ಪ್ರಶ್ನೆಯನ್ನೇ ಬೇಡ ಅಂದರು, ಇನ್ನೊಬ್ಬರು ಪ್ರಶ್ನೆ ಪೂರ್ತಿ ಓದುವ ಮೊದಲೇ ಉತ್ತರ ಕೊಟ್ಟರು. ಆ ಮಗು ಕೇಳಿದ್ದು ಅದಲ್ಲ. ನಂಬಬಹುದಾ ಅಂತ ಕೇಳಿದ್ದು. ಅಂದರೆ ಸಾಕ್ಷಿಯ ಬಗ್ಗೆ. ಸಾಕ್ಷಿ ಅನ್ನೋದು ನಮ್ಮ ಮಾತು, ಪ್ರಿಯರೇ. ವಾರವಾರ ಈ ಮೈಕಿನಲ್ಲಿ ನಾವು ಕೊಡೋದೇ ಅದು. ಆದ್ದರಿಂದ ಇವತ್ತು ಈ ಚೀಟಿಯನ್ನೇ ವಾಕ್ಯದ ಮುಂದೆ ಇಡೋಣ ಅಂತ ಕರ್ತನು ನನ್ನ ಹೃದಯದಲ್ಲಿ ಪ್ರೇರೇಪಿಸಿದನು.

ಎರಡನೆಯ ಅರಸುಗಳು ಮೂರನೇ ಅಧ್ಯಾಯ. ಸಿಸ್ಟರ್ ಓದಿದರು, ಕೇಳಿಸಿಕೊಂಡಿರಿ. ಹಿನ್ನೆಲೆ ಚುಟುಕಾಗಿ ಹೇಳ್ತೀನಿ. ಮೋವಾಬಿನ ಅರಸನಾದ ಮೇಷನು ಕುರಿ ಸಾಕುವವನು. ಇಸ್ರಾಯೇಲಿಗೆ ಒಂದು ಲಕ್ಷ ಕುರಿಮರಿ, ಒಂದು ಲಕ್ಷ ಟಗರುಗಳ ಉಣ್ಣೆ ಕಪ್ಪವಾಗಿ ಕೊಡುತ್ತಿದ್ದ. ಅಹಾಬ ಸತ್ತ ಮೇಲೆ ಕೊಡಲ್ಲ ಅಂದ. ಅವನ ಮೇಲೆ ಮೂವರು ಅರಸರು ಹೊರಟರು: ಇಸ್ರಾಯೇಲಿನ ಯೋರಾಮ, ಯೆಹೂದದ ಯೆಹೋಷಾಫಾಟ, ಎದೋಮಿನ ಅರಸ. ಏಳು ದಿನ ಸುತ್ತುದಾರಿ ನಡೆದರು, ನೀರಿಲ್ಲ. ದಂಡಿಗೂ ಇಲ್ಲ, ದನಕ್ಕೂ ಇಲ್ಲ. ಎಲೀಷನ ಹತ್ತಿರ ಬಂದರು. ಹಳ್ಳ ತೋಡಿ ಅಂದ ದೇವಮನುಷ್ಯ. ಗಾಳಿ ಇಲ್ಲ, ಮಳೆ ಇಲ್ಲ. ಬೆಳಗ್ಗೆ ನೈವೇದ್ಯದ ಹೊತ್ತಿಗೆ ಎದೋಮಿನ ಕಡೆಯಿಂದ ನೀರು ಹರಿದು ಬಂತು. ಸ್ತೋತ್ರ.

ಸಾಮಾನ್ಯವಾಗಿ ನಾವು ಅಲ್ಲಿಗೇ ನಿಲ್ಲಿಸಿ ಹಾಡು ಹಾಡ್ತೀವಿ. ಹಳ್ಳ ತೋಡುವುದರ ಮೇಲೆ ನಾನೇ ನಾಲ್ಕು ಸಾರಿ ಪ್ರಸಂಗ ಮಾಡಿದ್ದೀನಿ. ಆದರೆ ಇವತ್ತು ಗಡಿಯ ಆ ಕಡೆ ಹೋಗಿ ಮೋವಾಬ್ಯರ ಜೊತೆ ನಿಂತುಕೊಳ್ಳಿ.

ಅವರು ಗಡಿ ಕಾಯ್ತಾ ಇದ್ದಾರೆ. ಭಯದಲ್ಲಿ ಇದ್ದಾರೆ. ಬೆಳಗಿನ ಜಾವ ಎದ್ದರು, ಸೂರ್ಯ ಆಗ ತಾನೇ ಹುಟ್ಟುತ್ತಿದ್ದಾನೆ. ದೂರದಲ್ಲಿ, ನಿನ್ನೆವರೆಗೂ ಒಣಗಿದ್ದ ಜಾಗದಲ್ಲಿ, ಏನೋ ಕೆಂಪಗೆ ಕಾಣ್ತಾ ಇದೆ. ಆಮೇಲೆ ಏನಂದರು? ಇದು ರಕ್ತ. ಅರಸರು ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ನಡೀರಿ, ಕೊಳ್ಳೆ ಹೊಡೆಯೋಣ!

ಬೆರಳು ಮಡಚಿ ಎಣಿಸಿ. ಕಣ್ಣಿಗೆ ಕಂಡದ್ದು ಒಂದೇ: ಕೆಂಪು. ಅದು ಸುಳ್ಳಲ್ಲ. ನಿಜವಾಗಿ ಕೆಂಪಗೇ ಇತ್ತು. ಎಳೆ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ರಕ್ತ ಅನ್ನೋದು ಅವರು ಸೇರಿಸಿದ್ದು. ಅರಸರು ಹೊಡೆದಾಡಿದರು ಅನ್ನೋದು ಅದರ ಮೇಲೆ ಕಟ್ಟಿದ್ದು. ಕೊಳ್ಳೆ ಅನ್ನೋದು ಅವರ ಆಸೆ. ನಾಲ್ಕೂ ಒಂದೇ ಉಸಿರಿನಲ್ಲಿ ಬಂದವು. ಅಷ್ಟು ದೊಡ್ಡ ದಂಡಿನಲ್ಲಿ ಒಬ್ಬನನ್ನು ಮುಂದೆ ಕಳಿಸಿ, "ಹೋಗಪ್ಪಾ, ಬೆರಳು ಅದ್ದಿ ನೋಡಿ ಬಾ" ಅನ್ನುವವರು ಯಾರೂ ಇರಲಿಲ್ಲ. ಗುರಾಣಿ ಬಿಟ್ಟು ಚೀಲ ಹಿಡಿದು ಓಡಿದವರ ಹಾಗೆ ಪಾಳೆಯಕ್ಕೆ ನುಗ್ಗಿದರು. ಇಸ್ರಾಯೇಲ್ಯರು ಎದ್ದರು, ಹೊಡೆದರು. ಮೋವಾಬ್ಯರು ಸತ್ತದ್ದು ಕಣ್ಣು ಕಾಣದೆ ಅಲ್ಲ, ಕಂಡದ್ದಕ್ಕಿಂತ ಹೆಚ್ಚು ಹೇಳಿಕೊಂಡದ್ದಕ್ಕೆ.

ಈಗ ನಮ್ಮ ದೇಶದ ಗಡಿಗೆ ಬನ್ನಿ. ಇದು ನಡೆದ ವಿಷಯ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಲಡಾಖಿನಲ್ಲಿ, ಪ್ಯಾಂಗಾಂಗ್ ಸರೋವರದ ಹತ್ತಿರ ಠಾಕುಂಗ್ ಅನ್ನುವ ಜಾಗದಲ್ಲಿ, ನಮ್ಮ ಸೈನಿಕರು ಆಕಾಶದಲ್ಲಿ ಬೆಳಕು ಕಂಡರು. ಒಂದು ಸಂಜೆ ಆರರ ಸುಮಾರಿಗೆ ಬರುತ್ತೆ, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ. ನಿಧಾನವಾಗಿ ಸರಿಯುತ್ತೆ, ಸರೋವರದ ಮೇಲೆ ಹೋಗುತ್ತೆ. ಒಂದಲ್ಲ ಎರಡಲ್ಲ, 329 ಸಾರಿ ಬರೆದಿಟ್ಟರು. ಅದರಲ್ಲಿ 155 ಸಾರಿ ಗಡಿರೇಖೆ ದಾಟಿ ಒಳಗೆ ಬಂದಿದೆ ಅಂತ ಲೆಕ್ಕ ಹಾಕಿದರು. ಚೀನಾದವರ ಡ್ರೋನ್ ಇರಬೇಕು ಅಂತ ಸಂಶಯ. ಪೇಪರಿನಲ್ಲಿ, ಟೀವಿಯಲ್ಲಿ ಹಾರುವ ತಟ್ಟೆ ಅಂತ ಬಂತು. 2013ರ ಏಪ್ರಿಲಿನಲ್ಲಿ ಅದೇ ಲಡಾಖಿನ ದೆಪ್ಸಾಂಗ್‌ನಲ್ಲಿ ಚೀನಾದ ಸೈನಿಕರು ಟೆಂಟ್ ಹಾಕಿ ಕೂತರು, ಮೂರು ವಾರ ಎರಡೂ ಕಡೆಯವರು ಎದುರುಬದುರು. ಅಂಥ ಕಾಲ. ಒಂದು ತಪ್ಪು ಗುಂಡು ಹಾರಿದ್ದರೆ ಏನಾಗುತ್ತಿತ್ತು, ಯೋಚನೆ ಮಾಡಿ.

ಆದರೆ ನಮ್ಮ ಸೈನ್ಯದವರು ಮೋವಾಬ್ಯರ ಹಾಗೆ ಮಾಡಲಿಲ್ಲ. ವಿಚಾರಿಸಿದರು. ಯಾರನ್ನು? ನಮ್ಮ ಕೋರಮಂಗಲದವರನ್ನು! ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆಯಲ್ಲ, ಅದು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಅವರ ದೊಡ್ಡ ದೂರದರ್ಶಕ ಇದೆ. ಅದನ್ನು ನಡೆಸೋದು ಇಲ್ಲಿ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಬಿರಿಯಾನಿಗೆ ಮಾತ್ರ ಹೊಸಕೋಟೆಗೆ ಹೋಗುವವರು ಇದನ್ನೂ ತಿಳಿದುಕೊಳ್ಳಿ. (ನಗು) ಅಲ್ಲಿನ ವಿಜ್ಞಾನಿ ತುಷಾರ್ ಪ್ರಭು ಮತ್ತು ಅವರ ಜೊತೆಯವರು ಕೇಳಿಕೊಂಡ ಪ್ರಶ್ನೆ ಬಹಳ ಚಿಕ್ಕದು: ಇದು ಆಕಾಶದ್ದೋ, ಭೂಮಿಯದ್ದೋ? ಯಾವ ಹೊತ್ತಿಗೆ ಕಂಡಿತು, ಯಾವ ದಿಕ್ಕು, ದಿನದಿಂದ ದಿನಕ್ಕೆ ಹೇಗೆ ಸರಿಯಿತು, ಗ್ರಹಗಳು ಆ ಹೊತ್ತಿಗೆ ಎಲ್ಲಿದ್ದವು, ಹೋಲಿಸಿ ನೋಡಿದರು.

ಸಂಜೆಯದು ಗುರು ಗ್ರಹ. ಬೆಳಗಿನ ಜಾವದ್ದು ಶುಕ್ರ.

ನಮ್ಮ ಅಜ್ಜಿಯಂದಿರು ಬೆಳ್ಳಿ ಮೂಡಿತು, ಏಳು ಮಗಾ, ಕಣ ಬಡಿಯೋಕೆ ಹೊತ್ತಾಯ್ತು ಅಂತಿದ್ದರಲ್ಲ, ಅದೇ ಬೆಳ್ಳಿ. ಯೇಸು ಕರ್ತನು ತನ್ನನ್ನು ಪ್ರಕಟನೆ ಪುಸ್ತಕದ ಕೊನೆಯಲ್ಲಿ ಯಾವುದಕ್ಕೆ ಹೋಲಿಸಿಕೊಂಡನೋ, ಅದೇ ಉದಯ ನಕ್ಷತ್ರ. ಅದನ್ನು ಶತ್ರುವಿನ ಡ್ರೋನ್ ಅಂತ ಬರೆದಿಟ್ಟಿದ್ದರು.

ಸೈನಿಕರನ್ನು ನೋಡಿ ನಗಬೇಡಿ. ಆ ಎತ್ತರದಲ್ಲಿ ಗಾಳಿ ತೆಳು, ಗ್ರಹಗಳು ನಮಗೆ ಇಲ್ಲಿ ಕಾಣುವುದಕ್ಕಿಂತ ಹೆಚ್ಚು ಹೊಳೆಯುತ್ತವೆ. ಡ್ರೋನ್ ಹಾರಾಟವೂ ಆಗ ನಿಜವಾಗಿ ಹೆಚ್ಚಾಗಿತ್ತು. ಚಳಿಯಲ್ಲಿ, ಕಾವಲಿನಲ್ಲಿ, ಭಯದಲ್ಲಿ ನಿಂತವರು. ನನಗೆ ಅವರ ಮೇಲೆ ಬಹಳ ಗೌರವ ಇದೆ, ಯಾಕಂದರೆ ಅವರು ಬರೆದಿಟ್ಟರು. ಹೊತ್ತು ಬರೆದರು. ಬರೆದಿಟ್ಟಿದ್ದರಿಂದಲೇ ಪರೀಕ್ಷಿಸೋಕೆ ಆಯ್ತು. "ಏನೋ ಕಂಡೆ ಸಾರ್, ಎಂದೋ ಕಂಡೆ" ಅಂದಿದ್ದರೆ ಯಾವ ವಿಜ್ಞಾನಿಯೂ ಏನೂ ಮಾಡೋಕೆ ಆಗ್ತಿರಲಿಲ್ಲ.

ಈಗ ನನ್ನ ಕಥೆ ಹೇಳಬೇಕು, ತಪ್ಪಿಸಿಕೊಳ್ಳೋಕೆ ಆಗಲ್ಲ, ಹಳಬರಿಗೆ ನೆನಪಿದೆ. 2020, ಮೇ 20, ಬುಧವಾರ. ಲಾಕ್‌ಡೌನ್ ಕಾಲ. ಮಧ್ಯಾಹ್ನ ಒಂದೂ ಇಪ್ಪತ್ತರ ಸುಮಾರಿಗೆ ಊರಿಗೆ ಊರೇ ಢಂ ಅಂತು. ಕಿಟಕಿ ಗಾಜು ಅದುರಿತು. ನಮ್ಮ ಮನೆಯ ಪಾತ್ರೆ ಸ್ಟ್ಯಾಂಡ್ ಕೂಡ ಗಡಗಡ ಅಂತು. ಹತ್ತು ನಿಮಿಷದೊಳಗೆ ಮೊಬೈಲಿನಲ್ಲಿ ಭೂಕಂಪ ಅಂತ ಒಬ್ಬರು, ಉಲ್ಕೆ ಅಂತ ಇನ್ನೊಬ್ಬರು, ಅನ್ಯಗ್ರಹದವರು ಬಂದರು ಅಂತ ಮತ್ತೊಬ್ಬರು. ನಿಮ್ಮ ಪಾಸ್ಟರ್ ಏನು ಮಾಡಿದರು? ವಾಯ್ಸ್ ಮೆಸೇಜ್ ಕಳಿಸಿದೆ ಪ್ರಿಯರೇ. ಇದು ತುತ್ತೂರಿಯ ಮುನ್ಸೂಚನೆ, ಸಿದ್ಧರಾಗಿ, ಅಂತ. ಎರಡೂವರೆ ನಿಮಿಷದ ಮೆಸೇಜು, ಅಳು ಬೇರೆ.

ಭೂಕಂಪ ಅಲ್ಲ ಅಂತ ವಿಪತ್ತು ನಿರ್ವಹಣಾ ಕೇಂದ್ರದವರು ಬೇಗನೇ ಹೇಳಿದರು. ಅವರ ಯಂತ್ರಗಳಲ್ಲಿ ನೆಲದ ಕಂಪನ ದಾಖಲಾಗಿರಲಿಲ್ಲ. ಸಂಜೆಗೆ ರಕ್ಷಣಾ ಇಲಾಖೆಯವರು ತಿಳಿಸಿದರು: ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟ. ಶಬ್ದಕ್ಕಿಂತ ವೇಗವಾಗಿ ಹೋಗಿ, 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆ ಸದ್ದು ಬಂದಿರಬಹುದು, ವಿಮಾನ 65-80 ಕಿಲೋಮೀಟರ್ ದೂರ ಇದ್ದರೂ ಅದು ಕೇಳಿಸುತ್ತೆ ಅಂತ. ಮುಗೀತು. ಆದರೆ ನನ್ನ ಮೆಸೇಜು ಅಷ್ಟು ಹೊತ್ತಿಗೆ ಎಲ್ಲೆಲ್ಲಿಗೋ ಹೋಗಿತ್ತು. ನಮ್ಮ ಸಭೆಯ ಒಬ್ಬ ತಾಯಿ, ಒಂಟಿಯಾಗಿದ್ದವರು, ಎದೆ ನೋವಿಗೆ ಮಾತ್ರೆ ತಗೊಳ್ಳುವವರು, ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲಪ್ಪಾ, ನೀನು ದೇವರ ಸೇವಕ, ಸುಮ್ಮನೆ ಹೇಳ್ತೀಯಾ ಅಂದುಕೊಂಡೆ" ಅಂದರು. ಆ ಮಾತು ಇನ್ನೂ ನನ್ನ ಹೊಟ್ಟೆಯಲ್ಲಿ ಇದೆ. ಶಬ್ದ ಕೇಳಿದ್ದು ನಿಜ. ತುತ್ತೂರಿ ಅನ್ನೋದು ನಾನು ಸೇರಿಸಿದ್ದು.

ಆ ಚೀಟಿ ಬರೆದ ಮಗು ಕೇಳುತ್ತಿರಬಹುದು: "ಎಲ್ಲವೂ ಶುಕ್ರ, ಎಲ್ಲವೂ ವಿಮಾನ ಅಂತೀರಾ ಪಾಸ್ಟರ್?" ಇಲ್ಲ, ಹಾಗೆ ಹೇಳೋದೂ ಮೋವಾಬ್ಯರ ಕೆಲಸವೇ. ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ 12,618 ವರದಿಗಳನ್ನು ಸೇರಿಸಿ ನೋಡಿತು. ಹೆಚ್ಚಿನವಕ್ಕೆ ಉತ್ತರ ಸಿಕ್ಕಿತು: ಬಲೂನು, ವಿಮಾನ, ನಕ್ಷತ್ರ, ಮೋಡ. 701ಕ್ಕೆ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಸಿಗಲಿಲ್ಲ, ಅಷ್ಟೇ. ನಮ್ಮಲ್ಲೂ 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಏನೋ ಕಂಡಿತು ಅಂತ ವಿಮಾನಗಳನ್ನು ನಿಲ್ಲಿಸಿದರು, ರಫೇಲ್ ವಿಮಾನಗಳು ಹೋಗಿ ಹುಡುಕಿದವು, ಏನೂ ಸಿಗಲಿಲ್ಲ. "ಗುರುತು ಸಿಗದ ಹಾರುವ ವಸ್ತು" ಅನ್ನೋ ಹೆಸರೇ ಒಂದು ಅರಿಕೆ: ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದರಿಂದ ಅನ್ಯಗ್ರಹದವರಿಗೆ ಹಾರುವವರು ಇದ್ದಾರೆ. ಅದೇ ಗೊತ್ತಿಲ್ಲ ಅನ್ನುವುದರಿಂದ ದುರಾತ್ಮಗಳಿಗೆ ಹಾರುವವರು ನಮ್ಮಲ್ಲಿ ಇದ್ದಾರೆ. ದುರಾತ್ಮ ಇಲ್ಲ ಅಂತ ನಾನು ಹೇಳ್ತಾ ಇಲ್ಲ, ಬಿಡಿಸುವ ಸೇವೆ ನಾವೇ ಮಾಡ್ತೀವಿ. ಆದರೆ ಉತ್ತರ ಸಿಗದ ಜಾಗಕ್ಕೆಲ್ಲ ಸೈತಾನನನ್ನು ತುಂಬಿಸುವುದು ಆತ್ಮಗಳ ವಿವೇಚನೆ ಅಲ್ಲ, ಸೋಮಾರಿತನ.

ಇನ್ನೊಂದು. 2023ರ ಜುಲೈ 26ರಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಡೇವಿಡ್ ಗ್ರಶ್ ಅನ್ನುವ ಮಾಜಿ ಗುಪ್ತಚರ ಅಧಿಕಾರಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು, ಬಿದ್ದ ನೌಕೆಗಳನ್ನು ಸರ್ಕಾರ ಬಚ್ಚಿಟ್ಟಿದೆ ಅಂತ. ನಮ್ಮ ಹುಡುಗರು ಅದನ್ನು ನನಗೂ ಕಳಿಸಿದರು. ಪ್ರಮಾಣ ಮಾಡಿದ್ದಾರೆ, ದೊಡ್ಡ ಹುದ್ದೆಯವರು, ಯಾಕೆ ಸುಳ್ಳು ಹೇಳ್ತಾರೆ ಅಂತ. ಸುಳ್ಳು ಹೇಳಿದರು ಅಂತ ನಾನೂ ಅನ್ನೋದಿಲ್ಲ. ಆದರೆ ಕೇಳಿ: ಅವರು ನೌಕೆಯನ್ನು ಕಣ್ಣಾರೆ ಕಂಡವರಲ್ಲ. ಬೇರೆಯವರು ತಮಗೆ ಹೇಳಿದ್ದನ್ನು ಹೇಳಿದರು. 2024ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತನಿಖಾ ಕಚೇರಿ ಹಳೇ ಕಡತಗಳನ್ನೆಲ್ಲ ನೋಡಿ, ಅಂಥದ್ದಕ್ಕೆ ಪುರಾವೆ ಸಿಗಲಿಲ್ಲ ಅಂತ ವರದಿ ಕೊಟ್ಟಿತು. ಒಳ್ಳೆಯ ಮನುಷ್ಯ ಹೇಳಿದ ಅನ್ನೋದು ಬೇರೆ, ಕಂಡವನು ಹೇಳಿದ ಅನ್ನೋದು ಬೇರೆ. ಧರ್ಮೋಪದೇಶಕಾಂಡ ಹದಿಮೂರರಲ್ಲಿ ಮೋಶೆ ಏನು ಕಲಿಸಿದ? ಊರಿನ ಬಗ್ಗೆ ಸುದ್ದಿ ಕೇಳಿದ ಕೂಡಲೇ ಕತ್ತಿ ಎತ್ತಬೇಡಿ. ವಿಚಾರಿಸಿ, ಹುಡುಕಿ, ಚೆನ್ನಾಗಿ ಕೇಳಿ ತಿಳಿದುಕೊಳ್ಳಿ ಅಂತ. ಒಂದೇ ವಚನದಲ್ಲಿ ಮೂರು ಸಾರಿ ಹೇಳಿಸಿದ್ದಾನೆ ದೇವರು. ನಮ್ಮ ಫಾರ್ವರ್ಡ್ ಬಟನ್ ಆತನಿಗೆ ಮೊದಲೇ ಗೊತ್ತಿತ್ತು.

ಯೆಹೆಜ್ಕೇಲನ ವಿಷಯ ಬಿಟ್ಟರೆ ಮನೆಗೆ ಹೋದ ಮೇಲೆ ಕೇಳ್ತೀರಿ. ಮೊದಲನೇ ಅಧ್ಯಾಯದ ಚಕ್ರಗಳು ಹಾರುವ ಯಂತ್ರ ಅಂತ 1968ರಿಂದ ಎರಿಕ್ ಫಾನ್ ಡೆನಿಕೆನ್ ಪುಸ್ತಕ ಬರೆದು ಪ್ರಸಿದ್ಧರಾದರು. ಬ್ಲುಮ್ರಿಕ್ ಅಂತ ನಾಸಾದ ಇಂಜಿನಿಯರ್ ಒಬ್ಬರು ಅದಕ್ಕೆ ನಕ್ಷೆಯನ್ನೇ ಬರೆದರು. ಬೈಬಲ್ ತೆಗೆದು ಪ್ರವಾದಿ ಹೇಗೆ ಮಾತಾಡ್ತಾನೆ ನೋಡಿ. ಇಸವಿ ಕೊಡ್ತಾನೆ, ಅರಸ ಸೆರೆಯಾದ ಐದನೇ ವರುಷ. ತಿಂಗಳು, ದಿನ, ಜಾಗ ಎಲ್ಲ ಕೊಡ್ತಾನೆ, ಕೆಬಾರ್ ನದಿಯ ಹತ್ತಿರ. ಠಾಕುಂಗಿನ ಸೈನಿಕರ ಹಾಗೆ. ಆಮೇಲೆ ಕಂಡದ್ದನ್ನು ಹೇಳುವಾಗ ಸಾರಿಸಾರಿಗೂ "ಹೋಲಿಕೆ", "ಹಾಗೆ ಕಾಣಿಸಿತು" ಅಂತಾನೆ. ಸಿಂಹಾಸನ ಕಂಡೆ ಅನ್ನಲ್ಲ, ಸಿಂಹಾಸನದಂಥದ್ದು ಅಂತಾನೆ. ಪರಲೋಕ ತೆರೆದು ತೋರಿಸಿದಾಗಲೂ ಆ ಮನುಷ್ಯ ಕಂಡದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಕೊನೆಗೆ ಇದು ಯೆಹೋವನ ಮಹಿಮೆಯ ಹೋಲಿಕೆ ಅಂತ ತಾನೇ ಬರೆದಿದ್ದಾನೆ. ಸಾಕ್ಷಿಯ ಮಾತನ್ನೇ ಬಿಟ್ಟು ನಕ್ಷೆ ಬರೆದರೆ ಅದು ಯಾರ ದರ್ಶನ?

ಈಗ ಸ್ವಲ್ಪ ಹತ್ತಿರ ಬರಬೇಕು. ಈ ಭಾಗ ಹೇಳೋಕೆ ನಮ್ಮ ಸಹೋದರರ ಅಪ್ಪಣೆ ಕೇಳಿದ್ದೀನಿ. "ಹೇಳಿ ಅಯ್ಯ, ಇನ್ನೊಬ್ಬನಿಗೆ ಆಗಬಾರದು" ಅಂದರು. ಹೆಸರು ಹೇಳಲ್ಲ.

ನಾಲ್ಕು ವರುಷದ ಹಿಂದೆ ಅವರು ಇದೇ ಮೈಕಿನಲ್ಲಿ ಸಾಕ್ಷಿ ಹೇಳಿದರು. ಸಕ್ಕರೆ ಕಾಯಿಲೆ ಹೋಯಿತು ಅಂತ. ಉಪವಾಸ ಪ್ರಾರ್ಥನೆಯ ಮೂರನೇ ದಿನ ಮೈ ಹಗುರವಾಯಿತು, ಮೆಡಿಕಲ್ ಶಾಪಿನಲ್ಲಿ ಬೆರಳು ಚುಚ್ಚಿ ನೋಡಿಸಿದರೆ ನಾರ್ಮಲ್. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾನು ಅವರ ಕೈ ಎತ್ತಿ ಹಿಡಿದು ಹಲ್ಲೆಲೂಯಾ ಅಂದೆ. ಅವರು ಮನೆಗೆ ಹೋಗಿ ಮಾತ್ರೆ ನಿಲ್ಲಿಸಿದರು. ಮೂರು ದಿನ ಊಟ ಇಲ್ಲದವನ ಸಕ್ಕರೆ ಇಳಿದೇ ಇಳಿಯುತ್ತೆ ಅಂತ ನಮ್ಮ ಸಭೆಯಲ್ಲೇ ಇಬ್ಬರು ನರ್ಸ್ ಸಿಸ್ಟರ್‌ಗಳಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ, ಪಾಸ್ಟರ್ ಕೈ ಹಿಡಿದು ನಿಂತಿದ್ದಾರಲ್ಲ. ಎಂಟು ತಿಂಗಳ ಮೇಲೆ ಕಾಲಿನಲ್ಲಿ ಗಾಯ. ಎರಡು ಬೆರಳು ತೆಗೆದರು.

ಕಂಡದ್ದು ಒಂದು ನಂಬರು. ಉಳಿದದ್ದೆಲ್ಲ ನಾವು ಸೇರಿಸಿದ್ದು. ಆ ದಿನ ಪಾಳೆಯಕ್ಕೆ ಓಡಿದವರಲ್ಲಿ ಮುಂದೆ ಇದ್ದವನು ನಾನು.

ದೇವರು ಗುಣಪಡಿಸುತ್ತಾನೆ. ನನ್ನ ತಾಯಿಯನ್ನು ಗುಣಪಡಿಸಿದ್ದನ್ನು ಕಂಡಿದ್ದೀನಿ, ಆ ನಂಬಿಕೆಯಲ್ಲೇ ಸಾಯ್ತೀನಿ. ಆದರೆ ಮಾರ್ಕ 1ನೇ ಅಧ್ಯಾಯದಲ್ಲಿ ಕುಷ್ಠರೋಗಿಯನ್ನು ಮುಟ್ಟಿ ಶುದ್ಧಮಾಡಿದ ಯೇಸು ಅವನಿಗೆ ಏನು ಹೇಳಿದ? ಮೈಕ್ ತಗೋ ಅಂದನಾ? ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ತೋರಿಸಿಕೋ ಅಂದ. ಯಾಜಕಕಾಂಡ 13 ಓದಿ: ಯಾಜಕ ಚರ್ಮ ನೋಡಬೇಕು, ಕೂದಲಿನ ಬಣ್ಣ ನೋಡಬೇಕು, ಸಂಶಯ ಇದ್ದರೆ ಏಳು ದಿನ ಬೇರೆ ಇಟ್ಟು ಮತ್ತೆ ನೋಡಬೇಕು, ಮತ್ತೂ ಏಳು ದಿನ. ಮಾಡಿದವನು ದೇವಕುಮಾರ, ಆದರೂ ತಪಾಸಣೆಗೆ ಕಳಿಸಿದ. ತನ್ನ ಕೆಲಸವನ್ನು ಯಾರಾದರೂ ಪರೀಕ್ಷಿಸಿಬಿಟ್ಟಾರು ಅನ್ನೋ ಭಯ ಆತನಿಗೆ ಇರಲಿಲ್ಲ. ಎದ್ದು ಬಂದ ದಿನ ಶಿಷ್ಯರು ಭೂತ ಅಂದುಕೊಂಡಾಗ ಕೈಕಾಲು ತೋರಿಸಿದ, ಮುಟ್ಟಿ ನೋಡಿ ಅಂದ, ಸುಟ್ಟ ಮೀನು ತಿಂದು ತೋರಿಸಿದ.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು. ಅಲ್ಲಿನ ಎಚ್. ನರಸಿಂಹಯ್ಯ ಮೇಷ್ಟ್ರು, ಗಾಂಧಿ ಟೋಪಿಯವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದ್ದರು. ನಾನು ಹೊಸದಾಗಿ ಸೇವೆಗೆ ಬಂದಾಗ ನಮ್ಮವರು ಕೆಲವರು ಅವರನ್ನು ವಿರೋಧಿ ಅನ್ನುತ್ತಿದ್ದರು. ನಾನೂ ಅಂದಿದ್ದೀನಿ. ಈಗ ಅನ್ನಿಸುತ್ತೆ, ಅಂಥ ಒಬ್ಬರು ಆ ಭಾನುವಾರ ನಮ್ಮ ಹಿಂದಿನ ಸಾಲಿನಲ್ಲಿ ಕೂತು, "ಸ್ವಾಮಿ, ಊಟ ಮಾಡಿದ ಮೇಲೆ ಇನ್ನೊಂದು ಸಾರಿ ನೋಡಿಸಿ" ಅಂತ ಒಂದು ಮಾತು ಹೇಳಿದ್ದರೆ, ನಮ್ಮ ಸಹೋದರರ ಕಾಲಿನಲ್ಲಿ ಐದು ಬೆರಳು ಇರುತ್ತಿದ್ದವು.

ಹಾಗಾಗಿ ಹಿರಿಯರ ಜೊತೆ ಮಾತಾಡಿ ಒಂದು ತೀರ್ಮಾನ ಮಾಡಿದ್ದೀವಿ. ಈ ತಿಂಗಳಿಂದ ಗುಣವಾದ ಸಾಕ್ಷಿ ಹೇಳುವವರು ಮೊದಲು ನಮ್ಮ ಇಬ್ಬರು ನರ್ಸ್ ಸಿಸ್ಟರ್‌ಗಳ ಹತ್ತಿರ ಕೂತು ಮಾತಾಡಬೇಕು. ರಿಪೋರ್ಟ್ ಇದ್ದರೆ ಹಳೇದು, ಹೊಸದು ಎರಡೂ ತರಬೇಕು. ಡಾಕ್ಟರ್ ಹೇಳದೆ ಒಂದು ಮಾತ್ರೆಯನ್ನೂ ಬಿಡಬಾರದು. ರಿಪೋರ್ಟ್ ಇಲ್ಲದಿದ್ದರೆ, "ನನಗೆ ಹಗುರ ಅನ್ನಿಸುತ್ತಿದೆ, ಪ್ರಾರ್ಥಿಸಿ" ಅಂತ ಹೇಳಿ, ಅದೂ ಸಾಕ್ಷಿಯೇ. ಯೋಹಾನ 9ರ ಹುಟ್ಟುಕುರುಡನನ್ನು ನೋಡಿ. ಆತ ಪಾಪಿಯೋ ಅಲ್ಲವೋ ನನಗೆ ಗೊತ್ತಿಲ್ಲ ಅಂದ, ಕುರುಡನಾಗಿದ್ದೆ, ಈಗ ಕಾಣುತ್ತೇನೆ ಅನ್ನೋದು ಗೊತ್ತು ಅಂದ. ಫರಿಸಾಯರು ಅವನ ಅಪ್ಪ ಅಮ್ಮನನ್ನೂ ಕರೆಸಿ ಕೇಳಿದರು, ಸಾಕ್ಷಿ ಒಂದು ಕೂದಲೂ ಅಲುಗಲಿಲ್ಲ.

ಮತ್ತೆ ಚೀಟಿ ಬರೆದ ಮಗುವಿಗೆ. ಹಾರುವ ತಟ್ಟೆ ನಿಜವಾ ಅಂದರೆ, ಜನ ಏನೋ ಕಂಡಿದ್ದಾರೆ, ಅದು ನಿಜ. ಅದು ಬೇರೆ ಲೋಕದ್ದು ಅನ್ನುವುದಕ್ಕೆ ನಾನು ನೋಡಿದ ಮಟ್ಟಿಗೆ ನಂಬುವಂಥ ಸಾಕ್ಷಿ ಇನ್ನೂ ಇಲ್ಲ. ಬೇರೆ ಕಡೆ ದೇವರು ಏನನ್ನು ಉಂಟುಮಾಡಿದ್ದಾನೋ, ಯೋಬನನ್ನು ಕೇಳಿದ ಹಾಗೆ ನನ್ನನ್ನೂ ಕೇಳಿದರೆ ನನ್ನ ಬಾಯಿ ಮುಚ್ಚಿಹೋಗುತ್ತೆ. ಮುಂದೆ ನೀನೇ ಏನಾದರೂ ಕಂಡರೆ ಗಡಿಯಾರ ನೋಡು, ದಿಕ್ಕು ಬರೆದುಕೋ, ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ನೋಡು. ಟಾರಸಿಯ ಮೇಲೆ ನನ್ನನ್ನೂ ಕರಿ, ಬರ್ತೀನಿ.

ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ಸ್ವಲ್ಪ ಮೆಲ್ಲಗೆ, ತಮ್ಮಾ. ಮಾತ್ರೆ ನಿಲ್ಲಿಸಿ ಯಾರಿಗೂ ಹೇಳದೆ ಇರುವವರು ಯಾರಾದರೂ ಇಲ್ಲಿ ಇದ್ದರೆ, ನಾಚಿಕೊಳ್ಳಬೇಡಿ, ಮುಂದೆ ಬರಬೇಕಾಗಿಯೂ ಇಲ್ಲ. ಕೂಟ ಮುಗಿದ ಮೇಲೆ ಅಡುಗೆ ಕೋಣೆಯ ಪಕ್ಕದ ರೂಮಿನಲ್ಲಿ ಸಿಸ್ಟರ್‌ಗಳು ಕೂತಿರುತ್ತಾರೆ, ನಾನೂ ಇರುತ್ತೇನೆ. ಈಗ ಕಣ್ಣು ಮುಚ್ಚಿ. ತಂದೆಯೇ, ನಿನ್ನ ಬಗ್ಗೆ ನಾವು ಕಾಣದ್ದನ್ನು ಕಂಡೆವು ಅಂದದ್ದನ್ನು ಕ್ಷಮಿಸು...